ಬಚ್ಚಲಿನ ನೊರೆ

ಮಹಾಂತೇಶನಿಗೆ ಮಣ್ಣು ಕೊಡಲು ಬಂದ ನೆಂಟರೆಲ್ಲ ಮರಳಿದ್ದರು. ಇಳಕಲ್ಲಿನ ಆ ಮನೆಯಲ್ಲಿ ಅದು ಮೊದಲ ಸಾದಾ ಬೆಳಗು. ಹಾಲಿನವನು ಬಂದು ಹೋದ. ಬಚ್ಚಲಿಗೆ ಹೋದ ಕಸ್ತೂರಿ ಬಾಗಿಲಲ್ಲೇ ನಿಂತಳು. ಮೋರಿಯ ಬಾಯಲ್ಲಿ ನೊರೆ ಒಡೆಯದೆ ಕೂತಿತ್ತು. ಈಗಷ್ಟೇ ಅಲ್ಲಿಂದ ಹೊರಬಂದವನು ಮೈದುನ ಅಮರೇಶ.

ಆ ಮನೆಗೆ ನೊರೆ ಹೊಸದಲ್ಲ. ಅಣ್ಣತಮ್ಮ ಇಬ್ಬರೂ ಗ್ರಾನೈಟ್ ಪಾಲಿಶ್ ಕೆಲಸದವರು. ಕಲ್ಲಿನ ರಾಡಿ ಬಿಡಲೆಂದು ಬಟ್ಟೆ ಸೋಪಿನ ಪುಡಿಯಲ್ಲೇ ಮೈ ತಿಕ್ಕುತ್ತಿದ್ದರು. ಗಂಡ ಮಹಾಂತೇಶನ ಮೂತ್ರದ ನೊರೆಯನ್ನೂ ಅವಳು ಎರಡು ವರ್ಷ ಸೋಪಿನದೆಂದೇ ತೊಳೆದಿದ್ದಳು. ಧಾರವಾಡದಲ್ಲಿ ಎಂ.ಎಸ್ಸಿ.ಗೆ ಅವಳು ಓದಿದ್ದೇ ಮೂತ್ರಪಿಂಡದ ಜೀವಕೋಶಗಳನ್ನು ಬೆಸೆದು ಹಿಡಿಯುವ ಅಣುಗಳನ್ನು.

ಅಮರೇಶ ಒಂಬತ್ತು ದಿನದಿಂದ ಕೆಲಸಕ್ಕೆ ಹೋಗಿರಲಿಲ್ಲ. ಪುಡಿಯ ಡಬ್ಬಿಯ ಮುಚ್ಚಳ ಕೂಡ ಯಾರೂ ತೆಗೆದಿರಲಿಲ್ಲ.

ಗಂಡನ ಔಷಧದ ಚೀಲದಲ್ಲಿ ಮೂತ್ರ ಪರೀಕ್ಷೆಯ ಪಟ್ಟಿ ಒಂದೇ ಉಳಿದಿತ್ತು. ಖಾಲಿ ಲೋಟ ಹಿಡಿದು ಅಮರೇಶನ ಎದುರು ನಿಂತಳು.

"ಏನ್ರಿ ವೈನಿ, ಅಣ್ಣನ ಬ್ಯಾನಿ ಹಾಸಿಗಿ ಖಾಲಿ ಆತಂತ ನನ್ನ ಮಲಗಸಾಕ ಹೊಂಟೀರೇನು?"

"ಇದೊಂದು ಮಾಡಿ ಕೆಲಸಕ್ಕ ಹೋಗು."

"ಎಂಟಕ್ಕ ಹಾಜರಿ ಐತ್ರಿ. ನನಗೇನಾಗೈತಿ? ಕಲ್ಲಿನಂಗ ಗಟ್ಟಿ ಅದೇನಿ."

"ನಿಮ್ಮಣ್ಣಾರೂ ಹಂಗ ಅಂತಿದ್ರು."

ಅವನು ಲೋಟ ಕಸಿದುಕೊಂಡು ಹೋದ.

ಅವನು ತುಂಬಿ ತಂದ ಲೋಟದಲ್ಲಿ ಅವಳು ಪಟ್ಟಿ ಅದ್ದಿದಳು. ಅರವತ್ತು ಎಣಿಸಬೇಕು. ನಲವತ್ತಕ್ಕೇ ಪ್ರೋಟೀನಿನ ಹಳದಿ ಚೌಕ ಗಾಢ ಹಸಿರಾಯಿತು.

"ಏನಂತ ಅದು?"

ಅವಳು ಗೋಡೆಯ ಮಾಡದಿಂದ ಸೀರೆಯ ತುಂಡೊಂದನ್ನು ತೆಗೆದಳು. ತನ್ನ ಬೇನೆ ತನಗೆ ತಿಳಿಯಲೆಂದು ಮಹಾಂತೇಶ ಓಣಿಯ ನೇಕಾರ ನಬಿಸಾಬನಿಂದ ಕೇಳಿ ತಂದದ್ದು.

"ಇದು ಸೆರಗು, ಇದು ಒಡಲು. ನಡುವ ಎರಡನ್ನೂ ಕೂಡಸೂ ಎಳಿ ಕೊಂಡಿ. ರಕ್ತ ಸೋಸೂ ಜಾಗಾದಾಗ ಜೀವಕೋಶ ಹಿಂಗ ಹಿಡಕೊಂಡಿರ್ತಾವು. ಕೊಂಡಿ ಸಡಲಾದ್ರ ಪ್ರೋಟೀನ್ ಸೋರತೈತಿ. ನೊರಿ ಅದರದ್ದು."

ಅಮರೇಶ ಹೆಬ್ಬೆರಳಿನಿಂದ ಒಂದು ಎಳೆ ಜಗ್ಗಿದ. ಅದು ಬಿಚ್ಚಿಕೊಂಡಿತು. ಕೈ ಹಿಂದೆಗೆದ.

"ನನ್ನವು ಎಷ್ಟು ಬಿಚ್ಚ್ಯಾವು?"

"ಗೊತ್ತಿಲ್ಲ. ಬಾಗಲಕೋಟಿ ದವಾಖಾನ್ಯಾಗ ಹೇಳ್ತಾರ. ನಿಮ್ಮಣ್ಣಾರು ಎರಡು ವರ್ಷ ತಡಾ ಮಾಡಿದ್ರು." ತುಂಡು ಮಡಚುತ್ತ, "ಅಲ್ಲ, ತಡಾ ನಾ ಮಾಡಿದೆ," ಎಂದಳು.

ಅವನು ಕೆಲಸದ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ.

ಬಸ್ ನಿಲ್ದಾಣದ ದಾರಿಯಲ್ಲೇ ನಬಿಸಾಬನ ಮನೆ. ಕಸ್ತೂರಿ ಒಳಹೋಗಿ ಸೀರೆಯ ತುಂಡು ಚಾಚಿದಾಗ ಅವನು ಮಗ್ಗ ನಿಲ್ಲಿಸಿದ.

"ಮಹಾಂತೇಶ ಒಯ್ದದ್ದು. ಇರಲಿ ಬಿಡವಾ, ಇಟ್ಕೊ."

"ಬ್ಯಾಡ್ರಿ ಚಾಚಾ. ತಿರುಗಿ ಕೊಡ್ತೇನಂತ ಹೇಳಿದ್ರು. ಒಂದು ಕೊಂಡಿ ಬಿಚ್ಚೈತಿ."

ನಬಿಸಾಬ ಬೆರಳಿಗೆ ಉಗುಳು ಹಚ್ಚಿ ಎಳೆ ಹೊಸೆಯತೊಡಗಿದ.

"ವೈನಿ, ಬಸ್ಸು!" ಹೊರಗಿನಿಂದ ಅಮರೇಶ ಕೂಗಿದ.

ಕೊಂಡಿ ಕೂಡುವುದನ್ನು ನೋಡಲು ಅವಳು ನಿಲ್ಲಲಿಲ್ಲ.