ಮೂರರಲ್ಲಿ ಮೈನಸ್ ಎರಡು ಹೋದರೆ

ಐಸ್ ಪೆಟ್ಟಿಗೆಯ ವೈರು ಗೋಡೆಯ ಪವರ್ ಪಾಯಿಂಟಿಗೆ ಎಟುಕಿತು. ಆದರೆ ಅಲ್ಲಿ ಆಗಲೇ ಫ್ರಿಜ್ಜಿನ ಪ್ಲಗ್ಗು ಕೂತಿತ್ತು. ಪೆಟ್ಟಿಗೆ ತಂದವನು ಯಾರನ್ನೂ ಕೇಳಲಿಲ್ಲ. ಅದನ್ನು ಕಿತ್ತ, ತನ್ನದನ್ನು ತುರುಕಿದ. ಪೆಟ್ಟಿಗೆ ಗುರ್ ಎಂದಿತು. ಗಾಜಿನ ಮುಚ್ಚಳದ ಕೆಳಗೆ ಚಂದು ಬಿಳಿ ಪಂಚೆ ಹೊದ್ದು ಮಲಗಿದ್ದರು. ಪೆಟ್ಟಿಗೆಯ ಬದಿಯಲ್ಲಿದ್ದ ಉಷ್ಣತೆಯ ಕೆಂಪು ಅಂಕಿ ಮೂವತ್ತರಿಂದ ಇಳಿಯತೊಡಗಿತು.

"ಫ್ರಿಜ್ ಆಫ್ ಪಣ್ಣಾದೀಂಗ ಅಣ್ಣಾ!" ಫ್ರಿಜ್ ಆರಿಸಬೇಡಿ ಎಂದು ತಮಿಳಿನಲ್ಲಿ ಕೂಗುತ್ತಾ ಒಳಗಿನಿಂದ ವೀಕ್ಷಾ ಓಡಿಬಂದಳು. ಚಂದುವಿನ ಮೊಮ್ಮಗಳು, ಹನ್ನೆರಡು ವರ್ಷ.

"ಅಜ್ಜ ಇಲ್ಲಿ ಹೀಗೆ ಮಲಗಿದ್ದಾರೆ, ಇವಳಿಗೆ ಫ್ರಿಜ್ಜಿನ ಚಿಂತೆ!" ಎಂದಳು ಕರಿಯಮ್ಮ. ಅವಳು ಚಂದುವಿನ ಅಕ್ಕ, ಸುದ್ದಿ ಕೇಳಿ ತಿರುವೊಟ್ಟಿಯೂರಿನಿಂದ ಆಟೋದಲ್ಲಿ ಬಂದವಳು. "ಐಸ್‌ಕ್ರೀಂ ಕರಗ್ತದಾ ನಿಂದು?"

"ಸುಮ್ನಿರು ವೀಕ್ಷಾ," ಎಂದ ಅಪ್ಪ ರಜತ್. "ಮನೆಯಲ್ಲಿ ಇರೋದೇ ಒಂದು ಪಾಯಿಂಟು. ಎಂತ ಮಾಡೋದು?"

ವೀಕ್ಷಾ ಜಗಳಕ್ಕೆ ನಿಲ್ಲಲಿಲ್ಲ. ಅಡಿಗೆಮನೆಗೆ ಹೋಗಿ ಫ್ರೀಜರಿನ ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆಗೆದು ನೋಡಿದಳು. ಐಸ್ ಟ್ರೇ ಇತ್ತು. ಹನ್ನೆರಡು ಗುಳಿ, ಹನ್ನೆರಡು ಐಸು. ಪ್ರತಿಯೊಂದರ ನಡುವಿನಿಂದಲೂ ಗೇಣುದ್ದದ ಬಿಳಿ ನೂಲು ಹೊರಗೆ ಜೋತಿತ್ತು.

ಅವಳು ಬಾಗಿಲು ಮುಚ್ಚಿ, ಅದಕ್ಕೇ ಬೆನ್ನು ಕೊಟ್ಟು ನಿಂತಳು. ಐಸಿಗೆ ನೂಲು ಯಾಕೆ? ಹೇಳಬೇಕಾಗಿದ್ದ ಅಜ್ಜ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತರಲು ಹೊರಟು ಮೆಟ್ಟಿಲ ಮೇಲೆ ಕೂತವರು ಏಳಲೇ ಇಲ್ಲ. ಸಂಜೆಯೊಳಗೆ ಐಸೂ ಇರುವುದಿಲ್ಲ.

*

ಹಿಂದಿನ ದಿನ ಸಂಜೆ ಅವಳು ಲೆಕ್ಕದ ಪುಸ್ತಕವನ್ನು ನೆಲಕ್ಕೆ ಎಸೆದಿದ್ದಳು. ಮೂರರಿಂದ ಮೈನಸ್ ಎರಡನ್ನು ಕಳೆಯಬೇಕಿತ್ತು. ಅವಳು ಒಂದು ಎಂದು ಬರೆದಿದ್ದಳು. ಟೀಚರು ಕೆಂಪು ಶಾಯಿಯಲ್ಲಿ ಅದನ್ನು ಹೊಡೆದು ಐದು ಎಂದು ಬರೆದಿದ್ದರು.

ಚಂದು ಪುಸ್ತಕ ಎತ್ತಿಕೊಂಡು ಕನ್ನಡಕ ಹುಡುಕಿದರು. ಊರಿನ ಶಾಲೆಯಲ್ಲಿ ಕಲಿತಂತೆಯೇ ಓದಿದರು: "ಮೂರರಲ್ಲಿ ಮೈನಸ್ ಎರಡು ಹೋದರೆ... ಐದು. ಸರಿ ಉಂಟಲ್ಲ ಮಗಾ."

"ಎಪ್ಪಡಿ?" ಎಂದಳು ವೀಕ್ಷಾ. ಮನೆಯ ಕನ್ನಡ ಅವಳಿಗೆ ಪೂರಾ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು. ಹೋದರೆ ಕಡಿಮೆಯಾಗಬೇಕು, ಜಾಸ್ತಿ ಹೇಗಾಗುತ್ತದೆ?

"ಎಂತದು ಹೋಯ್ತು ಅಂತ ನೋಡ್ಬೇಕು."

"ಟೀಚರ್ ಮಾದಿರಿ ಪೇಸಾದೀಂಗ ಅಜ್ಜ. ನೀಂಗ ಅಂಜಾಂ ಕ್ಲಾಸ್ ದಾನೇ ಪಡಿಚೀಂಗ?"

ಟೀಚರಂತೆ ಮಾತಾಡಬೇಡಿ, ಐದನೇ ಕ್ಲಾಸು ತಾನೇ ಓದಿದ್ದು ಎಂಬ ಮಾತಿಗೆ ಅಜ್ಜ ಬೈಯಲಿಲ್ಲ. ಪುಸ್ತಕವನ್ನು ಮಡಚಿ ಅವಳ ತೊಡೆಯ ಮೇಲಿಟ್ಟರು. ಎದ್ದು ಅಡಿಗೆಮನೆಗೆ ಹೋದರು. ನೀರಿನ ಸದ್ದು ಕೇಳಿಸಿತು. ತುಂಬ ಹೊತ್ತಿನ ಮೇಲೆ ಹೊರಗೆ ಬಂದು, "ಬೆಳಿಗ್ಗೆವರೆಗೆ ಫ್ರೀಜರ್ ತೆಗೀಬೇಡ. ಹೇಳ್ಲಿಕ್ಕೆ ನಂಗೆ ಬರೂದಿಲ್ಲ. ತೋರಿಸ್ತೇನೆ," ಎಂದರು.

*

ಹನ್ನೊಂದು ಗಂಟೆಯ ಹೊತ್ತಿಗೆ ಗಲ್ಲಿಯಲ್ಲಿ ಶಾಮಿಯಾನ ಎದ್ದಿತ್ತು. ಅಂಬತ್ತೂರಿನ ಬಿಸಿಲಿಗೆ ಬಂದವರೆಲ್ಲ ಬೆವರುತ್ತಿದ್ದರು.

"ತಣ್ಣೀರು ಕೊಡು ಮಾರಾಯ್ತಿ, ಜನ ಸಾಯ್ತಿದ್ದಾರೆ," ಎಂದು ಕರಿಯಮ್ಮ ಚೊಂಬು ಹಿಡಿದು ಬಂದಳು. ಹಾಗಂದದ್ದಕ್ಕೆ ತಾನೇ ನಾಲಿಗೆ ಕಚ್ಚಿಕೊಂಡಳು. "ಫ್ರಿಜ್ ತೆಗಿ."

"ಮಾಟ್ಟೇನ್." ವೀಕ್ಷಾ ಕದಲಲಿಲ್ಲ.

"ನೋಡು ಇವಳ ಸೊಕ್ಕು! ಚಂದ್ರಮತೀ, ನಿನ್ನ ಮೊಮ್ಮಗಳು ಫ್ರಿಜ್ಜಿಗೆ ಕಾವಲು ಕೂತಿದ್ದಾಳೆ."

ಅಜ್ಜಿ ಚಂದ್ರಮತಿ ಬೆಳಗಿನಿಂದ ಗೋಡೆಗೊರಗಿ ಕೂತಿದ್ದರು. ಅತ್ತಿರಲಿಲ್ಲ. ಈಗ ತಲೆ ಎತ್ತಿದರು. "ನೂಲು ಉಂಟಾ ಅದ್ರಲ್ಲಿ?"

ವೀಕ್ಷಾ ಹೌದೆಂದು ತಲೆಯಾಡಿಸಿದಳು.

"ನಿನ್ನೆ ನನ್ನ ಮಲ್ಲಿಗೆ ಕಟ್ಟುವ ನೂಲಿನುಂಡೆ ತಗೊಂಡ್ರು. ಎಂತಕ್ಕೆ ಅಂತ ಕೇಳಿದ್ರೆ ಚಳಿಗೆ ಬಾಲ ಕಟ್ಲಿಕ್ಕೆ ಅಂದ್ರು. ಈ ಮುದುಕನಿಗೆ ತಲೆ ಕೆಟ್ಟಿದೆ ಅಂದೆ." ಅಜ್ಜಿ ಪೆಟ್ಟಿಗೆಯ ಕಡೆ ನೋಡಿದರು. "ಅದೇ ಕಡೇ ಮಾತು."

ಕರಿಯಮ್ಮ ಚೊಂಬನ್ನು ನಲ್ಲಿಯ ಕೆಳಗೆ ಹಿಡಿದು, ಬಿಸಿಲಿಗೆ ಕಾದಿದ್ದ ನೀರನ್ನೇ ತುಂಬಿಕೊಂಡು ಹೋದಳು.

ಆಮೇಲೆ ತಿರುಮಲ ಬಂದರು. ಚಂದು ಕೆಲಸ ಮಾಡುತ್ತಿದ್ದ ಹೋಟೆಲಿನ ದೊಡ್ಡ ಅಡಿಗೆಮನೆ ಇದೇ ಅಂಬತ್ತೂರಿನಲ್ಲಿತ್ತು. ಅಲ್ಲಿನ ಐಸ್‌ಕ್ರೀಂ ಕೋಣೆಗೆ ಚಂದು ಇಪ್ಪತ್ತಾರು ವರ್ಷ ಕಾವಲಿದ್ದರು. ಯಂತ್ರಗಳೆಲ್ಲ ತಿರುಮಲ ಅವರ ಜವಾಬ್ದಾರಿ. ತಲೆಮಾರುಗಳಿಂದ ಮದರಾಸಿನಲ್ಲೇ ಇದ್ದ ಕನ್ನಡ ಮನೆತನ ಅವರದು. ಪೆಟ್ಟಿಗೆಯ ಮೇಲೆ ಹಾರ ಇಟ್ಟು, ಬದಿಯ ಅಂಕಿ ಓದಿ, ತಟ್ಟನೆ ನಕ್ಕುಬಿಟ್ಟರು.

"ಸಾರಿ ರಜತ್. ಮೈನಸ್ ಟೂ ನೋಡಿ ಜ್ಞಾಪಕ ಬಂದ್ಬಿಡ್ತು. ನಿಮ್ಮಪ್ಪ ಹೊಸದಾಗಿ ಬಂದಾಗ, ಮೈನಸ್ ಅನ್ನೋದು ಗಾಜಿನ ಮೇಲಿರೋ ಗೀರು ಅಂತ ನಂಬಿದ್ದ, ತೆರಿಯುಮಾ, ಗೊತ್ತಾ? ದಿನಾ ಬಟ್ಟೇಲಿ ಒರೆಸ್ತಿದ್ದ!"

"ಒರೆಸೋದಾ?" ರಜತನಿಗೂ ನಗು ಬಂತು.

"ಕೇಳು. ಮೈನಸ್ ಹದಿನೆಂಟು ಇತ್ತು. ನಾಳೆ ಮದುವೆ ಆರ್ಡರು, ಮೂರು ಡಿಗ್ರಿ ಏರಿಸಪ್ಪಾ, ಸ್ವಲ್ಪ ಮೆತ್ತಗಾಗ್ಲಿ ಅಂದೆ. ಹದಿನೆಂಟಕ್ಕೆ ಮೂರು ಸೇರಿಸಿದ. ಮೈನಸ್ ಹದಿನೈದು ಆಗ್ಬೇಕಾದ್ದು ಮೈನಸ್ ಇಪ್ಪತ್ತೊಂದು! ಅಪ್ಪುರಂ ಏನು, ಆಮೇಲೆ ಐಸ್‌ಕ್ರೀಂ ಎಲ್ಲಾ ಕಲ್ಲು. ಪಂಕ್ತೀಲಿ ಪಟಪಟ ಅಂತ ಮರದ ಚಮಚ ಮುರೀತಿದೆ. ಮದುಮಗನ ಮಾವ ನನ್ನ ಕಾಲರ್ ಹಿಡ್ಕೊಂಡ."

ಕೂತವರು ನಕ್ಕರು. ಕರಿಯಮ್ಮನೂ ಸೆರಗು ಬಾಯಿಗಿಟ್ಟುಕೊಂಡಳು. ವೀಕ್ಷಾ ಮಾತ್ರ ನಗಲಿಲ್ಲ. ಫ್ರಿಜ್ಜನ್ನು ಬಿಟ್ಟು ಬಾಗಿಲವರೆಗೆ ಬಂದಿದ್ದಳು.

"ಅಂಕಲ್, ಮೈನಸ್ ಎಡುತ್ತಾ ಏನ್ ಪ್ಲಸ್ ಆಗುದು?" ಮೈನಸ್ ತೆಗೆದರೆ ಪ್ಲಸ್ ಯಾಕಾಗುತ್ತದೆ ಎಂದು ಕೇಳಿದಳು.

"ಅದು ರೂಲ್ ಅಮ್ಮಾ."

"ಯಾಕೆ ಅಂತ ಅಜ್ಜನಿಗೆ ಗೊತ್ತಿತ್ತಾ?" ಈ ಪ್ರಶ್ನೆಯನ್ನು ಅವಳು ಕನ್ನಡದಲ್ಲಿ ಕೇಳಿದಳು. ಅಪ್ಪ ತಿರುಗಿ ನೋಡಿದ.

ತಿರುಮಲ ಅವಳ ಕಡೆ ತಿರುಗಿದರು. "ಅವನೂ ಇದನ್ನೇ ಕೇಳಿದ್ದ. ಥರ್ಮಾಮೀಟರ್ ಇಟ್ಟು ಕೂಡೋದು, ಕಳೆಯೋದು ಎಲ್ಲಾ ಕಲಿಸಿದೆ. ಇದು ಬಂದಾಗ ರೂಲ್ ಅಂದೆ. ರೂಲ್ ನೀವಿಟ್ಕೊಳ್ಳಿ ಸಾರ್, ನನ್ನ ಕೈಗೆ ಗೊತ್ತಾಗ್ಬೇಕು ಅಂದ. ಒಂದು ತಿಂಗಳಾದ್ಮೇಲೆ ಕೋಣೆಯಿಂದ ಹೊರಗೆ ಬಂದು, ಗೊತ್ತಾಯ್ತು ಸಾರ್ ಅಂತ ಕೂಗಿದ. ನಂಗೆ ಕಂಪ್ರೆಸರ್ ರಿಪೇರಿ ಇತ್ತು. ಏನು ಅಂತ ಕೇಳ್ಲಿಲ್ಲ."

"ಕೇಳಬೇಕಿತ್ತು," ಎಂದಳು ವೀಕ್ಷಾ.



*

ಮೂರು ಗಂಟೆಗೆ ವ್ಯಾನು ಬಂತು. ಬಾಯಿಗೆ ತುಳಸಿ ನೀರು ಬಿಡಲು ಮನೆಯವರು ಸಾಲಾಗಿ ನಿಂತರು. ಪೆಟ್ಟಿಗೆಯವನು ತಣಿಸುವ ಸ್ವಿಚ್ಚನ್ನು ಆರಿಸಿ, ಗಾಜಿನ ಮುಚ್ಚಳ ಎತ್ತಿ ಗೋಡೆಗೆ ಒರಗಿಸಿದ. ಗುರ್ ಸದ್ದು ನಿಂತಿತು. ಅಂಕಿ ಮಾತ್ರ ಉರಿಯುತ್ತಿತ್ತು.

ಸರತಿಯಲ್ಲಿ ಕಡೆಯವಳು ವೀಕ್ಷಾ. ಅವಳ ಕಣ್ಣು ಅಜ್ಜನ ಮುಖದಿಂದ ಅಂಕಿಯ ಮೇಲೆ ಬಿತ್ತು. ಮೈನಸ್ ಎರಡು. ನೋಡುತ್ತಿದ್ದಂತೆ ಮೈನಸ್ ಒಂದು. ಸೊನ್ನೆ. ಗೀರು ಮಾಯವಾಯಿತು. ಒಂದು. ಎರಡು.

"ಅಣ್ಣಾ, ಏರುದೇ! ಯಾರು ಸೂಡು ಪೋಟ್ಟಾಂಗ?"

ಬಿಸಿ ಯಾರು ಹಾಕಿದರು ಎಂಬ ಪ್ರಶ್ನೆಗೆ ಪೆಟ್ಟಿಗೆಯವನು ಪ್ಲಗ್ಗು ಕೀಳಲು ಬಗ್ಗಿದವನು ತಲೆಯನ್ನೂ ಎತ್ತಲಿಲ್ಲ. "ಯಾರುಂ ಪೋಡಲ ಪಾಪಾ. ಕುಳಿರ ಎಡುತ್ತಾಚು, ಅವ್ಳೋದಾನ್."

ಯಾರೂ ಹಾಕಲಿಲ್ಲ. ಚಳಿ ತೆಗೆದದ್ದು, ಅಷ್ಟೆ.

ವೀಕ್ಷಾಳ ಕೈಯಲ್ಲಿದ್ದ ತುಳಸಿ ಎಲೆಯಿಂದ ನೀರು ತೊಟ್ಟಿಕ್ಕಿತು. "ನೀರು ಬಿಡು ಮಗಾ, ಹೊತ್ತಾಯ್ತು," ಎಂದ ರಜತ್. ಅವಳು ಬಗ್ಗಿ ಅಜ್ಜನ ತುಟಿಗೆ ನೀರು ಬಿಟ್ಟಳು. ಕಿವಿಯ ಹತ್ತಿರ ಏನೋ ಹೇಳಿದಳು. ಕನ್ನಡವೋ ತಮಿಳೋ, ಯಾರಿಗೂ ಕೇಳಿಸಲಿಲ್ಲ.

ಗಂಡಸರು ಹೊತ್ತುಕೊಂಡು ಹೋದರು. ವ್ಯಾನು ಗಲ್ಲಿ ದಾಟುವವರೆಗೆ ಹೆಂಗಸರು ಗೇಟಿನಲ್ಲಿ ನಿಂತಿದ್ದರು. ಚಂದ್ರಮತಿ ಒಳಗೆ ಬಂದು, ಪೆಟ್ಟಿಗೆ ಇದ್ದ ಜಾಗದ ಪಕ್ಕದಲ್ಲೇ ಕೂತರು.

ವೀಕ್ಷಾ ಫ್ರೀಜರ್ ತೆಗೆದಳು. ಹತ್ತು ನೂಲುಗಳು ಟ್ರೇಯ ನೀರಿನಲ್ಲಿ ತೇಲುತ್ತಿದ್ದವು. ಮೂಲೆಯ ಎರಡು ನೂಲುಗಳಿಗೆ ಮಾತ್ರ ಅವರೆಕಾಳಿನಷ್ಟು ಐಸು ಅಂಟಿಕೊಂಡಿತ್ತು. ಅವನ್ನು ಎತ್ತಿಕೊಂಡು ಓಡಿದಳು.

"ಅಜ್ಜಿ, ಕೈ ಕೊಡಿ."

ಹುಡುಗಿ ಕನ್ನಡ ಮಾತಾಡಿದ್ದು ಅಜ್ಜಿಗೆ ತಕ್ಷಣ ಹೊಳೆಯಲಿಲ್ಲ. ಸುಮ್ಮನೆ ಕೈ ಚಾಚಿದರು. ವೀಕ್ಷಾ ಆ ಅಂಗೈ ನಡುವೆ ಎರಡು ಐಸುಗಳನ್ನೂ ಇಟ್ಟು, ನೂಲಿನ ತುದಿ ಹಿಡಿದುಕೊಂಡಳು.

"ಅಯ್ಯೋ, ಎಷ್ಟು ಚಳಿ! ಎಂತದು ಇದು?"

"ಸ್ವಲ್ಪ ತಡೀರಿ." ಅವಳು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿದಳು. ಆಮೇಲೆ ಒಂದು ನೂಲು ಎಳೆದಳು. ಇನ್ನೊಂದನ್ನೂ ಎಳೆದಳು.

ಅಂಗೈ ಬರಿದಾಯಿತು. ನಡುವೆ ಎರಡು ಕೆಂಪು ಕಲೆಗಳು ಎದ್ದಿದ್ದವು. ಅಜ್ಜಿ ಕೈಯನ್ನು ಮುಖದ ಹತ್ತಿರ ತಂದರು, ತಿರುಗಿಸಿದರು, ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವರ ಹುಬ್ಬು ಮೇಲೇರಿತು.

"ಬಿಸಿ ಆಗ್ತಾ ಉಂಟಲ್ಲ ಮಗಾ!"

"ನಾನು ಏನೂ ಹಾಕ್ಲಿಲ್ಲ ಅಜ್ಜಿ. ಮೈನಸ್ ಎರಡು ಹೋಯ್ತು, ಅಷ್ಟೆ."

ನೂಲುಗಳ ತುದಿಯಲ್ಲಿ ಇನ್ನೂ ಸಾಸಿವೆಯಷ್ಟು ಐಸು ಹೊಳೆಯುತ್ತಿತ್ತು. ಚಂದ್ರಮತಿ ಅದನ್ನೇ ನೋಡುತ್ತಾ, ಬಿಸಿಯಾಗುತ್ತಿದ್ದ ಕೈಯನ್ನು ಮಡಚಿ ಎದೆಗಿಟ್ಟುಕೊಂಡರು. ಆಮೇಲೆ ಇನ್ನೊಂದು ಕೈ ಮುಂದೆ ಚಾಚಿದರು.