ಹದಿನಾರನೇ ತಾರೀಕಿನ ಮುದ್ರೆ

ನಾನು ಒಂದು ತಾರೀಕಿನ ಮೊಹರು. ಹುಬ್ಬಳ್ಳಿಯ ಒಂದು ಇಕ್ಕಟ್ಟಾದ ಅಂಗಡಿಯಲ್ಲಿ ಹುಟ್ಟಿದೆ. ಮರದ ಹಿಡಿ, ಹಿತ್ತಾಳೆಯ ಚೌಕಟ್ಟು, ಬೇಕಾದ ತಾರೀಕಿಗೆ ತಿರುಗುವ ರಬ್ಬರ್ ಪಟ್ಟಿಗಳು. ನನ್ನನ್ನು ಮಾಡಿದ ಮುದುಕ ಮೊದಲ ಮುದ್ರೆಯನ್ನು ತನ್ನ ಅಂಗೈ ಮೇಲೇ ಒತ್ತಿ ನೋಡಿ, ಅದು ನೆಟ್ಟಗೆ ಮೂಡಿದೆ ಎಂದು ಖುಷಿಪಟ್ಟ.

ಅಲ್ಲಿಂದ ಒಂದು ತಾಲ್ಲೂಕು ಮಟ್ಟದ ಕಚೇರಿಯ ಟಪಾಲು ಮೇಜಿಗೆ ಬಂದೆ. ಸಾಹೇಬರ ಸಹಿ ಇಲ್ಲದ ಕಾಗದಗಳು ಅಲ್ಲಿ ಬೇಕಾದಷ್ಟಿದ್ದವು, ನನ್ನ ಮುದ್ರೆ ಇಲ್ಲದ್ದು ಒಂದೂ ಇರಲಿಲ್ಲ. ಹಾಗಾಗಿ ನನಗೆ ಸ್ವಲ್ಪ ಜಂಬವಿತ್ತು. ನನ್ನ ಯಜಮಾನರು ಹಿರಿಯ ಗುಮಾಸ್ತ ಗುರುಪಾದಪ್ಪ ಬಾಳಿಕಾಯಿ. ಮೂಗಿನ ತುದಿಯಲ್ಲಿ ಕನ್ನಡಕ, ನಾಲಿಗೆಯ ತುದಿಯಲ್ಲಿ ಬೈಗುಳ. ಆದರೆ ಯಾವ ಕಾಗದ ಯಾವ ಕಡತದಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದರು.

ಟೈಪಿಂಗ್ ಪಾಸು ಮಾಡಿಕೊಂಡು ಇಂದುಮತಿ ಕಡೇಮನಿ ಎಂಬ ಹುಡುಗಿ ಗುರುಪಾದಪ್ಪನವರ ಕೈಕೆಳಗೆ ಬಂದಳು. ಮನೆಯಲ್ಲಿ ತಾಯಿ, ಓದುವ ಇಬ್ಬರು ತಂಗಿಯರು. ಎರಡು ವರ್ಷ ಪರೀಕ್ಷಾ ಅವಧಿ, ಆಮೇಲೆ ಖಾಯಂ. ಗುರುಪಾದಪ್ಪ ಮೊದಲ ದಿನವೇ ನನ್ನನ್ನು ಅವಳ ಕೈಗಿಟ್ಟರು.

"ತಂಗೀ, ಮುಂಜಾನೆ ಬಾಗಲಾ ತಗದ ಮ್ಯಾಲೇ ಇದರ ತಾರೀಕು ತಿರವಬೇಕು. ಮೊದಲ ಕಾಗದಾ ಓದು, ಆಮ್ಯಾಲ ಒತ್ತು. ಮಂದಿನ್ನ ಸುಮ್ಮಸುಮ್ಮನ ನಿಂದರಸಬ್ಯಾಡ."

ಅವಳು ಕಲಿತದ್ದು ನೋಡಬೇಕಿತ್ತು! ಮೊದಮೊದಲು ನನ್ನನ್ನು ಸುತ್ತಿಗೆಯಂತೆ ಕುಟ್ಟುತ್ತಿದ್ದವಳು ತಿಂಗಳೊಳಗೆ ಹದವಾಗಿ ಒತ್ತತೊಡಗಿದಳು. ಕಡತಕ್ಕೆ ದಾರ ಪೋಣಿಸುವುದು, ಟಿಪ್ಪಣಿ ಬರೆಯುವುದು, ಸಿಟ್ಟಿನಿಂದ ಬಂದವರನ್ನು ಕುರ್ಚಿ ಕೊಟ್ಟು ಕೂರಿಸುವುದು, ಎಲ್ಲವೂ ಅವಳಿಗೆ ಕೈವಶವಾಯಿತು. ನನಗಂತೂ ಅವಳ ಮೇಲೆ ಪ್ರೀತಿ ಹುಟ್ಟಿತು.

ಅವಳು ಖಾಯಂ ಆಗಬೇಕಿದ್ದ ತಿಂಗಳು ಅದು. ಹದಿನೈದನೇ ತಾರೀಕು, ಅಂಗನವಾಡಿ ಸಹಾಯಕಿಯರ ಅರ್ಜಿಗೆ ಕೊನೆಯ ದಿನ. ದಿನವಿಡೀ ನೂಕುನುಗ್ಗಲು. ಸಂಜೆ ಐದು ದಾಟಿದ ಮೇಲೆ ಜನ ಕರಗಿದರು. ನಾಳೆ ಬೆಳಿಗ್ಗೆ ಬೇಗ ಕೆಲಸ ಹಿಡಿಯಬಹುದೆಂಬ ಹುರುಪಿನಲ್ಲಿ ಇಂದುಮತಿ ನನ್ನನ್ನು ಆಗಲೇ ಹದಿನಾರಕ್ಕೆ ತಿರುಗಿಸಿಟ್ಟಳು.

ಕಚೇರಿ ಮುಚ್ಚಲು ಇನ್ನು ಹತ್ತು ನಿಮಿಷ ಇರುವಾಗ, ಐದೂ ಇಪ್ಪತ್ತಕ್ಕೆ, ಏದುಸಿರು ಬಿಡುತ್ತ ನೀಲವ್ವ ಎಂಬ ಹೆಂಗಸು ಬಂದಳು. ಬಸ್ಸು ಕೆಟ್ಟು ಅರ್ಧ ದಾರಿ ನಡೆದಿದ್ದಳಂತೆ. ಇಂದುಮತಿ ಅರ್ಜಿ ಓದಿ, ಅದರ ಮೇಲೂ ರಸೀದಿಯ ಮೇಲೂ ನನ್ನನ್ನು ಒತ್ತಿದಳು. ನೀಲವ್ವ ರಸೀದಿಯನ್ನು ನೋಡದೆ ಮಡಚಿಕೊಂಡು ಹೊರಟುಹೋದಳು. ವಹಿಯಲ್ಲಿ ನಮೂದಿಸಲು ಕೂತಾಗ ಇಂದುಮತಿಯ ಪೆನ್ನು ನಿಂತಿತು. ಎರಡು ಕಡೆಯೂ ಹದಿನಾರು. ಅಂದರೆ ಅರ್ಜಿ ತಡವಾಗಿ ಬಂದಂತೆ, ತಿರಸ್ಕಾರವೇ ಗತಿ.

ಗುರುಪಾದಪ್ಪ ನೋಡಿದರು. ಬೈಯಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು.

"ಒಮ್ಮೆ ಒತ್ತಿದ್ದರ ಮ್ಯಾಲ ಮತ್ತ ಒತ್ತಾಕ ಬರೂದಿಲ್ಲ. ಸಾಹೇಬ್ರಿಗೆ ಬರದು ಹೇಳಿದ್ರ ನೀ ಖಾಯಂ ಆಗೋದು ಹಿಂದ ಬೀಳತೈತಿ. ನಾಳೆ ವಿಚಾರ ಮಾಡೋಣೇಳು."

"ಆಕಿಗೆ ನಾಳೆ ಇಲ್ಲಲ್ರೀ ಸರ."

ಗುರುಪಾದಪ್ಪ ಒಂದು ಬಿಳಿ ಹಾಳೆ ಅವಳ ಮುಂದಿಟ್ಟರು. "ಹಂಗಾರ ಬರಿ. 'ನನ್ನ ತಪ್ಪಿನಿಂದ' ಅನ್ನೋದು ಮೊದಲನೇ ಸಾಲಿನ್ಯಾಗ ಬರಲಿ. ಸಾಕ್ಷಿಗೆ ನಾ ಸಹಿ ಹಾಕ್ತೀನಿ."

ಬರೆದು ಸಾಹೇಬರ ಮೇಜಿಗೆ ಮುಟ್ಟಿಸಿದಳು. ಅವರು ತಾರೀಕು ತಿದ್ದಿ ಸಹಿ ಹಾಕಿದರು, ಮುಖ ಮಾತ್ರ ಗಂಟಿಕ್ಕಿತ್ತು. ಇಂದುಮತಿ ಹೊಸ ರಸೀದಿ ಬರೆದು, ನನ್ನನ್ನು ಮತ್ತೆ ಹದಿನೈದಕ್ಕೆ ತಿರುಗಿಸಿ ಅದರ ಮೇಲೆ ಒತ್ತಿ, ಗಡಿಬಿಡಿಯಲ್ಲಿ ನನ್ನನ್ನೂ ಹಿಡಿದುಕೊಂಡೇ ಬಸ್ ನಿಲ್ದಾಣಕ್ಕೆ ಓಡಿದಳು. ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟಿದ್ದ ನೀಲವ್ವ ಗಾಬರಿಯಾದಳು.

"ಯಾಕ್ರೀ ಅಕ್ಕಾರ, ನನ್ನ ಅರ್ಜಿ ತಪ್ಪೈತೇನ್ರೀ?"

"ನಿಮ್ಮದಲ್ರೀ ತಾಯಿ, ನಂದು ತಪ್ಪು."

ನೀಲವ್ವನ ಅರ್ಜಿ ಸಕಾಲಕ್ಕೆ ಸೇರಿತು, ಮುಂದೆ ಕೆಲಸವೂ ಸಿಕ್ಕಿತು. ಇಂದುಮತಿಗೆ ಸಿಕ್ಕಿದ್ದು ಮೆಮೊ. ಪರೀಕ್ಷಾ ಅವಧಿ ಒಂದು ವರ್ಷ ಮುಂದಕ್ಕೆ ಹೋಯಿತು, ಸಂಬಳ ಏರಲಿಲ್ಲ. ಅವಳು ಒಂದು ದಿನವೂ ಮುಖ ಸಣ್ಣಗೆ ಮಾಡಿಕೊಳ್ಳಲಿಲ್ಲ. ಕಚೇರಿಗೆ ಬಂದ ಪತ್ರಗಳನ್ನೆಲ್ಲ ಟಪಾಲು ಮೇಜಿನಲ್ಲೇ ಒಡೆಯಬೇಕಲ್ಲ, ವರ್ಷ ಕಳೆದ ಮೇಲೆ ತಾನು ಖಾಯಂ ಆದ ಆದೇಶವನ್ನೂ ಅವಳೇ ಒಡೆದಳು. ಓದಿದಳು, ನನ್ನ ತಾರೀಕು ನೋಡಿದಳು, ಒತ್ತಿದಳು, ನಂಬರು ಹಾಕಿದಳು. ಆಮೇಲೆ ಎದುರಿಗೆ ನಿಂತಿದ್ದ ಮುದುಕನ ಕಾಗದಕ್ಕೆ ಕೈಚಾಚಿದಳು. ಗುರುಪಾದಪ್ಪ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಈಗ ನನ್ನ ರಬ್ಬರ್ ಬಿರಿದಿದೆ. ಕಪಾಟಿನ ಮೂಲೆಯಲ್ಲಿ ಹಳೆಯ ಮಸಿ ಡಬ್ಬಿಗಳ ಜೊತೆ ಕೂತಿದ್ದೇನೆ. ಲಕ್ಷಾಂತರ ಕಾಗದಗಳ ಮೇಲೆ ತಾರೀಕು ಹೇಳಿದ್ದೇನೆ. ಅದರಲ್ಲಿ ಒಂದೇ ಒಂದು ಸಂಜೆ ಸುಳ್ಳು ಹೇಳಿದೆ. ಆ ಸುಳ್ಳನ್ನು ನನ್ನ ಬಾಯಿಂದ ತೆಗೆದು ತನ್ನ ತಲೆಯ ಮೇಲೆ ಹೊತ್ತುಕೊಂಡವಳು ಇಂದುಮತಿ.