ಹೂ ಮುಡಿಸುವ ಕೈ

ಮಸ್ಕತ್ತಿನ ನಮ್ಮ ಕರಾವಳಿ ಸಂಘದ ಅಧ್ಯಕ್ಷರಾಗಬೇಕೆಂದು ಹೊರಟ ದಿನದಿಂದ ನನ್ನ ಗಂಡ ಭೋಜರಾಜರಿಗೆ ಎರಡು ನಾಲಗೆ ಮೂಡಿದವು. ಬೇರೆ ಜಾತಿಯಲ್ಲಿ ಮದುವೆಯಾದವರಿಗೆ ಸದಸ್ಯತ್ವ ಕೊಡಬಾರದೆಂದು ಹಿಂದೆ ಮೇಜು ಕುಟ್ಟಿದವರು, ಈ ಸಲ ಅವರನ್ನೆಲ್ಲ 'ನಮ್ಮ ಮಕ್ಕಳು' ಎನ್ನತೊಡಗಿದರು. ಇರಲಿ, ಮನುಷ್ಯ ಬದಲಾಗಬಾರದೇ ಎಂದು ನಾನೂ ಸುಮ್ಮನಿದ್ದೆ.

ಸುಮ್ಮನಿರಲು ಆಗದೇ ಹೋದದ್ದು ವಿನೋದಾಳ ವಿಷಯದಲ್ಲಿ. ವಿನೋದಾ ಇವರ ಒಬ್ಬಳೇ ತಂಗಿ. ಗಂಡ ತೀರಿಕೊಂಡ ಮೇಲೆ ಇಲ್ಲೇ ಒಂದು ಕ್ಲಿನಿಕ್ಕಿನ ರಿಸೆಪ್ಶನ್‌ನಲ್ಲಿ ಕೂತು ಮಗಳು ಯಶ್ಮಿತಾಳನ್ನು ಓದಿಸಿದಳು, ದೂರದ ಸೊಹಾರ್ ಪಟ್ಟಣದ ಸ್ಟೀಲ್ ಕಂಪನಿಯ ಹುಡುಗನಿಗೆ ಮದುವೆ ಮಾಡಿಕೊಟ್ಟಳು. ಮದುವೆಯಲ್ಲಿ ಧಾರೆ ಎರೆದವರು ನಾನು ಮತ್ತು ಇವರು. ವಿನೋದಾ ಅಡುಗೆಯವರ ಜೊತೆ ನಿಂತಿದ್ದಳು. ಈಗ ಯಶ್ಮಿತಾಳಿಗೆ ಏಳು ತಿಂಗಳು. ಸೀಮಂತ ಮಸ್ಕತ್ತಿನ ಅಲ್ ಗುಬ್ರಾ ಬಡಾವಣೆಯ ಹೋಟೆಲಿನ ಹಾಲ್‌ನಲ್ಲಿ ಎಂದು ನಿಶ್ಚಯವಾಗಿತ್ತು.

ಅಲ್ ಗುಬ್ರಾದಲ್ಲಿ ನಡೆದ ಪ್ರಚಾರದ ಕೂಟದಲ್ಲಿ ಇವರು ಮೈಕ್ ಹಿಡಿದು, "ಗಂಡ ಇಲ್ಲದ ಹೆಂಗಸರನ್ನು ಮೂಲೆಗೆ ಕೂರಿಸುವ ಕಾಲ ಹೋಯ್ತು. ನನ್ನ ಸೋದರಸೊಸೆಯ ಸೀಮಂತದಲ್ಲಿ ಮೊದಲು ಹೂ ಮುಡಿಸುವುದು ನನ್ನ ತಂಗಿಯೇ" ಎಂದರು. ಯುವಕ ಯುವತಿಯರೆಲ್ಲ ಎದ್ದು ಚಪ್ಪಾಳೆ ತಟ್ಟಿದರು. ವಿನೋದಾ ನನ್ನ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನವೇ ಊರಿಂದ ಬರುವವರ ಕೈಯಲ್ಲಿ ಉಡುಪಿ ಮಲ್ಲಿಗೆ ತರಲು ಹೇಳಿಟ್ಟಳು.

ವಾರ ಕಳೆಯುವುದರೊಳಗೆ ಇವರು ಸೊಹಾರಿಗೆ ಹೋದರು. ಅಲ್ಲಿ ಸಂಘದ ಹಿರಿಯ ಸದಸ್ಯರ ಮತ ಜಾಸ್ತಿ. ಸೇಸಪ್ಪಣ್ಣ ಎಂಬವರು ನೇರವಾಗಿ ಕೇಳಿದರಂತೆ, "ಶಾಸ್ತ್ರ ಎಲ್ಲ ಬಿಟ್ಟುಬಿಡುವುದಾ ಭೋಜರಾಜರೇ?" ಇವರು ನಕ್ಕು, "ಛೆ, ಅದು ಮಾತಿಗೆ ಹೇಳಿದ್ದು ಮಾರಾಯ್ರೆ. ಹಿರಿಯರು ಹಾಕಿದ ದಾರಿ ನಾನು ಬಿಡ್ಲಿಕ್ಕುಂಟಾ?" ಎಂದರಂತೆ.

ಯಾರೋ ಪುಣ್ಯಾತ್ಮರು ಎರಡೂ ಕಡೆಯ ಮಾತಿನ ವಿಡಿಯೊ ಜೋಡಿಸಿ ಸಂಘದ ವಾಟ್ಸಾಪ್ ಗುಂಪಿಗೆ ಬಿಟ್ಟರು. ಗುಬ್ರಾಕ್ಕೊಂದು ಮಾತು, ಸೊಹಾರಿಗೊಂದು ಮಾತು ಎಂದು ಗುಂಪಿನಲ್ಲಿ ಇವರ ಮಾನ ಹರಾಜಾಯಿತು.

"ನೀವು ಯಾವ ಕಡೆಯವರು, ಒಮ್ಮೆ ಹೇಳಿ" ಎಂದು ನಾನೇ ಜಗಳಕ್ಕೆ ನಿಂತೆ.

"ಗೆದ್ದ ಮೇಲೆ ಎಲ್ಲ ಸರಿ ಮಾಡುವ. ಈಗ ನೀನೊಬ್ಬಳು ಸುರು ಮಾಡ್ಬೇಡ" ಎಂದರು.

ವಿನೋದಾಳಿಗೆ ಫೋನ್ ಮಾಡಿದೆ. "ವಿಡಿಯೊ ನೋಡಿದೆ ಅತ್ತಿಗೆ. ಓಟಿಗಾಗಿ ಹಾಗೆ ಹೇಳಿದ್ದಾಗಿರ್ಬಹುದು. ಅಳಿಯನ ಮನೆಯವರ ಎದುರು ಅಣ್ಣನ ಬಾಯಿಂದ ಮುಡಿಸು ಅಂತ ಒಂದು ಮಾತು ಬಂದ್ರೆ ನನಗೆ ಸಾಕು" ಎಂದಳು.

ಸೀಮಂತದ ಶುಕ್ರವಾರ ಹಾಲ್ ತುಂಬಿತ್ತು. ಗುಬ್ರಾದವರು ಒಂದು ಬದಿ, ಅಳಿಯನ ಕಡೆಯಿಂದ ಸೊಹಾರಿನವರು ಇನ್ನೊಂದು ಬದಿ. ಸೇಸಪ್ಪಣ್ಣ ಎದುರಿನ ಸಾಲಿನಲ್ಲೇ ಇದ್ದರು. ಹಸಿರು ಸೀರೆ, ಕೈತುಂಬ ಬಳೆ ತೊಟ್ಟು ಯಶ್ಮಿತಾ ಕುರ್ಚಿಯಲ್ಲಿ ಕೂತಿದ್ದಳು. ಮಲ್ಲಿಗೆಯ ತಟ್ಟೆ ಹಿಡಿದು ವಿನೋದಾ ಅವಳ ಹಿಂದೆ ಬಂದು ನಿಂತಳು. ಹತ್ತಾರು ಮೊಬೈಲುಗಳು ಮೇಲೆದ್ದವು.

"ಮುಡಿಸು ವಿನೋದಾ" ಎಂದೆ.

ಅವಳು ನನ್ನನ್ನು ನೋಡಲಿಲ್ಲ, ಅಣ್ಣನನ್ನು ನೋಡಿದಳು. ಯಶ್ಮಿತಾಳೂ ತಿರುಗಿ ಸೋದರಮಾವನನ್ನು ನೋಡಿದಳು. ಇವರು ಒಮ್ಮೆ ಆ ಮೊಬೈಲುಗಳನ್ನು, ಒಮ್ಮೆ ಸೇಸಪ್ಪಣ್ಣನನ್ನು ನೋಡಿದರು. ಆಮೇಲೆ ಕೈಗಡಿಯಾರ ನೋಡಿಕೊಂಡು, ಅರಬರು ಅವಸರ ಮಾಡುವ ಹಾಗೆ, "ಯಲ್ಲಾ, ಹೊತ್ತಾಯ್ತು. ಶಾಸ್ತ್ರ ಮುಗಿಸಿ" ಎಂದರು.

ಯಾರು ಮುಡಿಸಬೇಕೆಂದು ಹೇಳಲಿಲ್ಲ. ಆ ಮಾತನ್ನು ಎರಡು ಬದಿಯವರೂ ತಮಗೆ ಬೇಕಾದ ಹಾಗೆ ತೆಗೆದುಕೊಳ್ಳಬಹುದಿತ್ತು. ವಿನೋದಾ ಸ್ವಲ್ಪ ಹೊತ್ತು ಕಾದಳು. ಮತ್ತೆ ತಟ್ಟೆಯನ್ನು ನನ್ನ ಕೈಗಿಟ್ಟು ಊಟದ ವ್ಯವಸ್ಥೆ ನೋಡುವ ನೆವದಲ್ಲಿ ಹೊರಗೆ ಹೋದಳು. ಯಶ್ಮಿತಾ ತಲೆ ತಗ್ಗಿಸಿ ಅಳುತ್ತಿದ್ದಳು. ನಾನು ಮುಡಿಸಿದೆ. ಕಟ್ಟಿಕೊಂಡ ಗಂಡನ ಮೇಲೆ ಅಷ್ಟು ಸಿಟ್ಟು, ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಎರಡು ವಾರದ ಮೇಲೆ ಅದೇ ಹಾಲ್‌ನಲ್ಲಿ ಸಂಘದ ಮಹಾಸಭೆ. ನಮ್ಮಲ್ಲಿ ಚೀಟಿ ಇಲ್ಲ, ಕೈ ಎತ್ತಿಯೇ ಆರಿಸುವುದು. ಇವರ ಹೆಸರು ಕರೆದಾಗ ನಾನು ಎರಡೂ ಕೈಗಳನ್ನು ಮಡಿಲಲ್ಲಿ ಬಿಗಿಹಿಡಿದು ಕೂತೆ. ಅಧ್ಯಕ್ಷ ಅಭ್ಯರ್ಥಿಯ ಹೆಂಡತಿಯೇ ಕೈ ಎತ್ತಲಿಲ್ಲ ಎಂದು ನಾಳೆ ಗುಂಪಿನಲ್ಲಿ ಬರಲಿ ಎಂದುಕೊಂಡೆ.

ಪಕ್ಕದಲ್ಲಿ ವಿನೋದಾಳ ಕೈ ಮೇಲೆದ್ದಿತು.

ವೇದಿಕೆಯಿಂದ ಇವರು ನಮ್ಮ ಸಾಲಿನತ್ತ ನೋಡಿದರು. ತಂಗಿಯ ಕೈ ಕಂಡದ್ದೇ ಮುಖ ಬೇರೆ ಕಡೆ ತಿರುಗಿಸಿದರು. ಎಣಿಸಿ ಮುಗಿಯುವವರೆಗೂ ಅವಳು ಕೈ ಇಳಿಸಲಿಲ್ಲ. ಇವರು ಗೆದ್ದರು.

"ಎಂತಕ್ಕೆ ಎತ್ತಿದ್ದು ನೀನು?" ಎಂದು ಸಿಟ್ಟಿನಿಂದಲೇ ಕೇಳಿದೆ.

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ನನಗೆ ಬೇರೆ ಅಣ್ಣ ಇಲ್ವಲ್ಲ ಅತ್ತಿಗೆ" ಎಂದಳು.